ನೋವುಗನ್ನಡಿ

ಗೋಡೆಯ ಕನ್ನಡಿ ಚಿನ್ಮಯಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, "ನೋವು ಎರಡು. ದಯವಿಟ್ಟು ಕಾಯಿರಿ" ಎಂದಿತು. ದನಿ ಇಂಪಾಗಿತ್ತು.

ಅದು ನೋವುಗನ್ನಡಿ. ಹುಬ್ಬಿನ ಗಂಟು, ತುಟಿಯ ನಡುಕ, ಉಸಿರಿನ ಏರಿಳಿತ, ಕೂಗಿನ ಬಿಗಿ ಎಲ್ಲವನ್ನೂ ಅಳೆದು ನೋವಿಗೆ ಹತ್ತರೊಳಗೆ ಅಂಕ ಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರ. ಅಂಕ ಏಳು ದಾಟಿದರೆ ಹೆರಿಗೆ ಕೋಣೆಯ ಬಾಗಿಲು ತಾನಾಗಿ ತೆರೆಯುತ್ತಿತ್ತು. ವೈದ್ಯರು ಸಾಲದ ಕಾಲ. ಗದಗ ಸೀಮೆಯ ಆ ಆಸ್ಪತ್ರೆಯಲ್ಲಿ ಯಾರು ಮೊದಲು ಎಂಬ ತೀರ್ಮಾನ ಕನ್ನಡಿಯದೇ. ಇನ್ನು ಶಿಫಾರಸು, ಲಂಚ ನಡೆಯದೆಂದು ಜನ ಹಿಗ್ಗಿದ್ದರು.

ಚಿನ್ಮಯಿ ಬೆಂಚಿಗೆ ಮರಳಿ, ತಾಯಿ ನೀಲಮ್ಮನ ಸೆರಗಿನ ಚುಂಗನ್ನು ಮತ್ತೆ ಬಾಯಿಗಿಟ್ಟು ಕಚ್ಚಿದಳು. ನೀಲಮ್ಮನ ಮನೆತನದಲ್ಲಿ ಹೆರುವ ಹೆಣ್ಣಿನ ದನಿ ಹೊಸ್ತಿಲು ದಾಟುವಂತಿಲ್ಲ. ನೀಲಮ್ಮನೂ ಸೆರಗು ಕಚ್ಚಿಯೇ ಮೂವರನ್ನು ಹೆತ್ತು, ಗಟ್ಟಿಗಿತ್ತಿ ಎನಿಸಿಕೊಂಡವಳು. ಬರುವ ದಾರಿಯಲ್ಲಿ ಮಗಳಿಗೂ ಹೇಳಿದ್ದಳು: "ಮಂದಿ ಮುಂದ ಚೀರಬ್ಯಾಡವಾ."

ಈಗ ಮಗಳ ಕೈ ತಣ್ಣಗಾಗುತ್ತಿತ್ತು. ತುಟಿ ಬಿಳಚಿಕೊಂಡಿತ್ತು.

"ಒಳಗ ಕಳಸ್ರೀ" ಎಂದಳು ನೀಲಮ್ಮ, ಬಾಗಿಲ ಬಳಿಯ ನರ್ಸಿಗೆ.

"ಎರಡ ಬಂದೈತಲ್ರಿ ಅಕ್ಕಾರ. ನಾ ದೂಡಿದ್ರೂ ಬಾಗಲಾ ತೆರಿಯೂದಿಲ್ಲ."

"ಅದಕ್ಕೇನ ಗೊತ್ತ ನನ್ನ ಮಗಳ ನೋವು? ಅದೇನ ಈಕೀನ್ನ ಹಡದೈತೇನ?"

ಪಕ್ಕದ ಬಸುರಿ ನಕ್ಕಳು. "ಚೀರಂತ ಹೇಳ್ರಿ ಆಕಿಗೆ. ನಾವೆಲ್ಲಾ ಮನ್ಯಾಗ ಕಲ್ತ ಬಂದೇವಿ."

ನೀಲಮ್ಮ ಮಗಳ ಬಾಯಿಂದ ಸೆರಗು ಎಳೆದಳು. "ಚೀರವಾ! ನಾ ಹೇಳಿದ್ದ ಮರತಬಿಡು, ಚೀರು!"

"ಬರವಲ್ದು, ಯವ್ವಾ."

ನೀಲಮ್ಮ ಎದ್ದಳು. ತಾನೇ ಕನ್ನಡಿಯ ಮುಂದೆ ನಿಂತು ಕೂಗಿದಳು. ಮೂರು ಹೆರಿಗೆಗಳಲ್ಲಿ ನುಂಗಿದ್ದೆಲ್ಲ ಒಮ್ಮೆಗೇ ಹೊರಬಿತ್ತು. ಸಾಲಿನವರು ಕಿವಿ ಮುಚ್ಚಿಕೊಂಡರು.

"ನೋವು ಹತ್ತು" ಎಂದಿತು ಕನ್ನಡಿ. ಬಾಗಿಲು ತೆರೆಯಿತು. ನೀಲಮ್ಮ ಮಗಳನ್ನು ತಬ್ಬಿ ಎಬ್ಬಿಸಿ, ಒಳಗೆ ನಡೆಸಿಕೊಂಡು ಹೋದಳು.

ಕೂಗು ಕೇಳಿ ಡಾಕ್ಟರ್ ರುಬೀನಾ ನದಾಫ್ ಓಡಿ ಬಂದರು. ಕನ್ನಡಿಯನ್ನು ರೂಪಿಸಿದವರು ಅವರೇ. "ಹಿಂಗ ನುಗ್ಗೂದೇನ್ರಿ? ಸರದಿ ಅಂಬೂದು ಬ್ಯಾಡಾ?"

"ಮೊದಲ ಆಕೀ ಹೊಟ್ಟಿ ಮುಟ್ಟಿ ನೋಡ್ರಿ. ಆಮ್ಯಾಲ ಪೊಲೀಸರನ್ನ ಕರೀರಿ. ನಾ ಎಲ್ಲೂ ಓಡೂದಿಲ್ಲ."

ರುಬೀನಾ ಕೈ ಇಟ್ಟರು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಮಗುವಿಗೆ ರಕ್ತ ಒದಗಿಸುವ ಮಾಸು ಗರ್ಭಕೋಶದಿಂದ ಕಿತ್ತುಬಂದು, ಒಳಗೊಳಗೇ ರಕ್ತ ಸುರಿಯುತ್ತಿತ್ತು.

"ಥಿಯೇಟರ್ ತಯಾರ ಮಾಡ್ರಿ! ಈಗಿಂದೀಗ!"

ಬಾಣಂತಿಯೂ ಮಗುವೂ ಉಳಿದರು. ಶಸ್ತ್ರಚಿಕಿತ್ಸೆ ಮುಗಿಸಿ ಬಂದ ರುಬೀನಾ ನೀಲಮ್ಮನ ಪಕ್ಕ ಬೆಂಚಿನ ಮೇಲೆ ಕುಸಿದು ಕುಳಿತರು.

"ಕನ್ನಡಿ ಕೆಟ್ಟಿಲ್ರಿ. ನಾವು ಕಲಿಸಿದ್ದನ್ನ ಒಪ್ಪಿಸ್ತು, ಅಷ್ಟ. ಮೂವತ್ತು ವರ್ಷದ ಹಿಂದಿನ ವಾರ್ಡುಗಳ ದಾಖಲೆ ಕೊಟ್ಟು ಅದನ್ನ ತಯಾರ ಮಾಡಿದ್ವಿ. ಸುಮ್ನ ಮಲಗಿದ ಹೆಣ್ಮಕ್ಕಳ ಹೆಸರಿನ ಮುಂದ ಆಗಿನ ಡಾಕ್ಟರು 'ತೊಂದರೆ ಇಲ್ಲ' ಅಂತ ಬರದಿದ್ರು."

"ನಮ್ಮ ಮನ್ಯಾಗೂ ಹಂಗ ಅಂತಿದ್ರು. ನಾನೂ ಅಂದೆ."

"ನಿಮ್ಮಂಥವರ ಮುಖ ಅದಕ್ಕ ಕಲಿಸಬೇಕು. ನಿಮ್ಮ ಮಗಳದು, ನಿಮ್ಮದು ಚಿತ್ರ ತಗೋಬಹುದಾ?"

"ಕೊಡೂದಿಲ್ಲ." ನೀಲಮ್ಮ ಒದ್ದೆ ಸೆರಗನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿದಳು. "ಮೊದಲ ಆ ಬಾಗಲಾ ತೆರದ ಇಡ್ರಿ. ಎರಡ ಬರಲಿ, ಒಂದ ಬರಲಿ, ಒಬ್ಬರು ಎದ್ದ ಬಂದು ಕೈ ಇಟ್ಟ ನೋಡ್ರಿ. ಆಮ್ಯಾಲ ನನ್ನ ಮುಖ ಏನು, ಇಡೀ ಓಣಿ ಕರಕೊಂಡ ಬರ್ತೇನಿ. ಅಲ್ಲೀತನಕಾ ದಿನಾ ಬಂದು ಇಲ್ಲೇ ಚೀರ್ತೇನಿ."

ರುಬೀನಾ ಎದ್ದು, ಒಂದು ಕುರ್ಚಿ ತಂದು ಬಾಗಿಲಿಗೆ ಅಡ್ಡ ಇಟ್ಟರು. ಬಾಗಿಲು ಮುಚ್ಚಲು ಹೋಗಿ ಹೋಗಿ ಕುರ್ಚಿಗೆ ಬಡಿದು ಸುಮ್ಮನಾಯಿತು.

ಇದು ಮೂವತ್ತು ವರ್ಷ ಮುಂದಿನ ಮಾತು; ಆ ಕನ್ನಡಿ ಇನ್ನೂ ಹುಟ್ಟಿಲ್ಲ. ಆದರೆ ಅದರ ಪಾಠವನ್ನು ಇವತ್ತು ಯಾವುದೋ ವಾರ್ಡಿನಲ್ಲಿ, ಹಲ್ಲು ಕಚ್ಚಿ ಮಲಗಿದ ಹೆಣ್ಣೊಬ್ಬಳ ಮಂಚದ ಪಕ್ಕ ನಿಂತು ಯಾರೋ ಬರೆಯುತ್ತಿದ್ದಾರೆ: ತೊಂದರೆ ಇಲ್ಲ.