ತೆಗೆ ಎಂಬ ಪುಟ

"ಒಬ್ಬನ ಕೈ ಸುಟ್ಟು ಕರಕಲಾಗೇತಿ, ನೀವಿನ್ನೂ ಮತ ಎಣಸ್ಕೋತ ಕುಂತೀರಿ. ನಾಚಿಕಿ ಬರಂಗಿಲ್ಲೇನು?" ವಿಜ್ಞಾನಿ ಗಿರಿಜಾ ಹೊಸಮನಿ ಮೇಜು ಗುದ್ದಿದರು.

"ಮತದ ಪದ್ಧತಿ ತಂದವ್ರು ನೀವ ಅಲ್ರೀ ಮೇಡಂ," ಎಂದ ಯಮನೂರಪ್ಪ. ಲೈನ್‌ಮನ್‌ಗಳು ತಮ್ಮ ವಿಕಿ ನೋಡಿಕೊಳ್ಳಲು ಆರಿಸಿದ ಹಿರಿಯ ಅವನು.

ವಿಕಿ ಎಂದರೆ ಎಲ್ಲರೂ ಸೇರಿ ಬರೆಯುವ, ಯಾರು ಬೇಕಾದರೂ ತಿದ್ದುವ ಪುಸ್ತಕ. ಹೆಚ್ಚು ಜನ ಒಪ್ಪಿದ್ದು ಉಳಿಯುತ್ತದೆ. ೨೦೪೦ರ ಸುಮಾರಿಗೆ ಗಿರಿಜಾ ಅದನ್ನು ಹೆಲ್ಮೆಟ್ಟಿನೊಳಗೆ ಇಳಿಸಿದರು. ಕಂಬದ ಮೇಲಿದ್ದವನು ಕೇಳಿದರೆ ಹೆಲ್ಮೆಟ್ಟೇ ಪುಟ ಓದಿ ಹೇಳುತ್ತಿತ್ತು. ಪುಟದಲ್ಲಿ ಬರೆದ ನಿಯಮದಂತೆ ಅವನ ಮಾತನ್ನು ಸ್ಟೇಷನ್ನಿಗೂ ಮುಟ್ಟಿಸುತ್ತಿತ್ತು. ಕಂಬ ಹತ್ತದ ಸಾಹೇಬರ ನಿಯಮಗಳಿಂದ ಬೇಸತ್ತವರು ಈ ಪುಸ್ತಕವನ್ನು ನಂಬಿದರು. ಸಾವುಗಳು ಕಡಿಮೆಯಾದವು.

ಆಮೇಲೆ ನೀರಿನವರನ್ನೂ ಕರೆಂಟಿನವರನ್ನೂ ಸೇರಿಸಿ ಒಂದೇ ಇಲಾಖೆ ಮಾಡಿದರು. ಪುಸ್ತಕವೂ ಒಂದಾಯಿತು. ಲೈನ್‌ಮನ್‌ಗೆ "ತೆಗೆ" ಎಂದರೆ ಕರೆಂಟು ನಿಲ್ಲಿಸು. ವಾಲ್ವ್ ತಿರುಗಿಸಿ ಬದುಕಿದವನಿಗೆ "ತೆಗೆ" ಎಂದರೆ ಹರಿಯಲು ಬಿಡು. ಹೋದ ವಾರ ಲೈನ್‌ಮನ್ ದುರಗಪ್ಪ ಕಂಬದಿಂದ, ಆ ಲೈನಿಗೆ ಬರುವ ಕರೆಂಟು ನಿಂತಿದೆಯೇ ಎಂಬ ಅರ್ಥದಲ್ಲಿ, "ಫೀಡರ್ ತೆಗದೈತೇನು?" ಎಂದು ಕೇಳಿದ. ಸ್ಟೇಷನ್ನಿನಲ್ಲಿ ಕೂತಿದ್ದ ನೀರಿನ ಕಡೆಯ ಮೈಬೂಸಾಬ, ಕರೆಂಟು ಹರಿಯುತ್ತಿರುವುದನ್ನು ನೋಡಿ, "ತೆಗದೈತಿ," ಎಂದ. ಇಬ್ಬರೂ ಸುಳ್ಳಾಡಲಿಲ್ಲ. ದುರಗಪ್ಪ ತಂತಿ ಮುಟ್ಟಿ ಕೈ ಸುಟ್ಟುಕೊಂಡ.

ಹೆಲ್ಮೆಟ್ಟು ಇನ್ನು "ತೆಗೆ" ಎಂಬ ಮಾತನ್ನೇ ಮುಟ್ಟಿಸಬಾರದು, "ಬಂದ್", "ಚಾಲೂ" ಎರಡೇ ಪದ ಸಾಕು ಎಂದು ಗಿರಿಜಾ ಪುಸ್ತಕದ "ತೆಗೆ" ಎಂಬ ಪುಟದಲ್ಲಿ ಬರೆದರು. ಪದ ಬಿಡಬೇಕಾದವರು ನೀರಿನವರು ಎಂದು ಲೈನ್‌ಮನ್‌ಗಳು ಅಳಿಸಿದರು. ಗಿರಿಜಾ ಮತ್ತೆ ಬರೆದರು. ಲೈನ್‌ಮನ್‌ಗಳು ಬಿಡಲಿ ಎಂದು ನೀರಿನವರು ಅಳಿಸಿದರು.

"ಕೀಲಿ ನನ್ನ ಕಡೆ ಐತಿ. ಬರದು ಪುಟಕ್ಕ ಬೀಗ ಹಾಕ್ತೀನಿ, ಯಾರಿಗೂ ತಿದ್ದಾಕ ಆಗಂಗಿಲ್ಲ," ಎಂದರು ಗಿರಿಜಾ.

"ಹಾಕ್ರಿ. ನಾಳೆ ಅದ ಕೀಲಿ ಸಾಹೇಬರ ಕೈಗೆ ಹೋಗತೈತಿ. ಆಮ್ಯಾಲೆ ಈ ಪುಸ್ತಕ ಯಾರು ನಂಬತಾರ?"

"ಸತ್ತವ್ರು ನಂಬಿದ್ರೆಷ್ಟು, ಬಿಟ್ರೆಷ್ಟು?"

"ಅದೂ ಖರೆ." ಯಮನೂರಪ್ಪನಿಗೂ ಸಾಕಾಗಿತ್ತು. "ದುರಗಪ್ಪ ನನ್ನ ಷಡ್ಡಕ ರೀ. ದವಾಖಾನ್ಯಾಗ ಅವನನ್ನೂ ಕೇಳಿದೆ. ನಾವ್ಯಾಕ ಬಿಡಬೇಕು, ಅವ್ರು ಬಿಡ್ಲಿ ಅಂದ."

ಗಿರಿಜಾಗೆ ನಗು ಬರುವಂತಾಯಿತು, ಬರಲಿಲ್ಲ. ಬೀಗ ಹಾಕಿದರೆ ಪುಸ್ತಕ ಎಲ್ಲರದಾಗಿ ಉಳಿಯುವುದಿಲ್ಲ. ಹಾಕದಿದ್ದರೆ ಮುಂದಿನ ಸಲ ಒಬ್ಬ ಸಾಯುತ್ತಾನೆ. ಅವರು ಕೂತು "ಬಂದ್", "ಚಾಲೂ" ನಿಯಮದ ಎರಡು ಸಾಲು ಬರೆದರು, ಪುಟಕ್ಕೆ ಬೀಗ ಹಾಕಿದರು, ಆಮೇಲೆ ಕೀಲಿಯನ್ನೇ ಅಳಿಸಿದರು. ಅದರ ಜೊತೆ ಪುಸ್ತಕದಲ್ಲಿ ಅವರಿಗಿದ್ದ ಹಕ್ಕೂ ಹೋಯಿತು.

"ಇನ್ನ ಸಾಹೇಬರಿಗೂ ಇಲ್ಲ, ನನಗೂ ಇಲ್ಲ," ಎಂದು ಎದ್ದರು.

"ನಾಳೆ ಮೀಟಿಂಗಿಗೆ ಬರ್ರಿ ಮೇಡಂ. ಮಂದೀಗೆ ನೀವ ಹೇಳಬೇಕು."

"ಹೇಳಿ ಹೇಳಿ ಸಾಕಾಗೇತಿ."

ಮರುದಿನದಿಂದ ಕಂಬಗಳ ಮೇಲೆ ಜನ ಬೈಯುತ್ತಲೇ "ಬಂದ್" ಎನ್ನತೊಡಗಿದರು. ಕೂತು ಮಾತಾಡಿ ಬಿಡಬಹುದಾಗಿದ್ದ ಒಂದು ಪದವನ್ನು ಬೀಗ ಹಾಕಿ ಬಿಡಿಸಬೇಕಾಯಿತು. ಗಿರಿಜಾ ಮೀಟಿಂಗಿಗೆ ಬರಲಿಲ್ಲ, ಆ ಕಚೇರಿಗೂ ಮತ್ತೆ ಬರಲಿಲ್ಲ.