ಕಿತ್ತಳೆ ಹೂವಿನ ಬಟ್ಟೆ

“ಪೆಟ್ಟಿಗೆ ತಕ್ಕೊಂಡೋಗು ಕಣಪ್ಪ. ಬಟ್ಟೆ ಮಾತ್ರ ಬುಟ್ಟೋಗು. ಅದುಕ್ಕೆ ಕತ್ರಿ ತಾಗಿಸ್ಬ್ಯಾಡ.”

ಕೂನೂರಿನ ಹತ್ತಿರದ ಕೆತ್ತಿ ಊರಿನ ತನ್ನ ಮನೆಯ ಜಗಲಿಯಲ್ಲಿ ನಿಂತು ಪುಟ್ಟಲಿಂಗಮ್ಮ ಹಾಸುಬಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವಳ ಗಂಡನಿಗೆ ಯಾರೋ ಮಾಡಿಸಿದ್ದ ಮಾಟವನ್ನು ಗೂಡಲೂರಿನ ಮಂತ್ರವಾದಿಯೊಬ್ಬ ಆ ಬಟ್ಟೆಯ ಎರಡು ಪದರದ ನಡುವೆ ಕಟ್ಟಿ, ನಾಲ್ಕೂ ಬದಿಗೆ ಕಪ್ಪು ದಾರದ ಹೊಲಿಗೆ ಹಾಕಿದ್ದನಂತೆ.

ಹಳೇ ಸಾಮಾನು ಕೊಳ್ಳಲು ಬಂದಿದ್ದ ನವೀನ ನಕ್ಕ. “ಅಜ್ಜಿ, ಮಾಟಕ್ಕೂ ಎಕ್ಸ್‌ಪೈರಿ ಡೇಟ್ ಇರುತ್ತೆ ಬಿಡಿ.”

ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಅವನು ಮೈಸೂರಿನಿಂದ ಕೂನೂರಿಗೆ ಬಂದು ಎಂಟು ತಿಂಗಳಾಗಿತ್ತು. ಎಸ್ಟೇಟ್ ಬಂಗಲೆಗಳು ಹೊರಗೆಸೆದ ಎನಾಮಲ್ ಮಗ್ಗು, ಡಯಲ್ ಫೋನು, ವಾಲ್ವ್ ರೇಡಿಯೋ, ಬೆಲ್‌ಬಾಟಮ್ ಪ್ಯಾಂಟು, ಇಂಥವನ್ನೆಲ್ಲ ಒರೆಸಿ, ಚೆಂದದ ಚೀಟಿ ಅಂಟಿಸಿ ಪ್ರವಾಸಿಗರಿಗೆ ಮಾರುವ ಅಂಗಡಿ ಅವನದು. 1999ರ ಆ ಸೀಸನ್ನಿಗೆ ಹಳೇ ಅಚ್ಚಿನ ಬಟ್ಟೆಯ ಕೈಚೀಲ, ಲ್ಯಾಂಪ್‌ಶೇಡ್ ಮಾಡಿಸಬೇಕೆಂದಿದ್ದ. ಮುದುಕಿಯ ಹಾಸುಬಟ್ಟೆಯ ತುಂಬ ಇದ್ದಂಥ ಅಂಗೈಯಗಲದ ಕಿತ್ತಳೆ ಬಣ್ಣದ ಹೂವು ಯಾರಿಗೆ ತಾನೇ ಬೇಡ?

ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಯುವ ತೇನ್ಮೊಳಿ ಬಟ್ಟೆ ಮೂಸಿ ಹಿಂದೆ ಸರಿದಳು.

“ಅಣ್ಣಾ, ಸುಟ್ಟ ಕೂದಲ ವಾಸನೆ. ಕಪ್ಪು ದಾರ, ಗಂಟು ಹೊರಗಡೆ. ಇಂಥದ್ದು ಬಂದ್ರೆ ಟೈಲರುಗಳು ಮುಟ್ಟಲ್ಲ, ವಾಪಸ್ ಕೊಟ್ಟುಬಿಡ್ತಾರೆ.”

“ಹಂಗಾದ್ರೆ ನಾಳೆಯಿಂದ ಮನೇಲೇ ಇರು. ಬೇರೆಯವಳು ಬರ್ತಾಳೆ.”

ಅವಳ ಸಂಬಳದಲ್ಲೇ ಮನೆಯವರ ಊಟ ನಡೆಯುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ.

ಅವಳು ಕತ್ತರಿ ಎತ್ತಿಕೊಂಡಳು.

ಕರ್ರ್. ಮೊದಲ ಹೊಲಿಗೆ ಹರಿಯಿತು. ಮಟಮಟ ಮಧ್ಯಾಹ್ನ, ಮಂಜು ಬಾಗಿಲು ದಾಟಿ ಒಳಗೆ ಬಂತು. ಕೊಳೆತ ನಿಂಬೆ, ಹಸಿ ಮಣ್ಣು, ಸುಟ್ಟ ಕೂದಲು. ವಯರೇ ಇಲ್ಲದ ರೇಡಿಯೋ ಬುಸ್ಸೆಂದಿತು. ಬಟ್ಟೆಯ ಎರಡು ಪದರಗಳ ನಡುವಿನಿಂದ, ಬಾಯಿಗೆ ಬಟ್ಟೆ ತುರುಕಿದಂಥ ದನಿ ಬಂತು.

“ಯಾರ ಕೆಲಸ ಇದು?”

ತೇನ್ಮೊಳಿ ನವೀನನನ್ನು ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ. ಅವನು ಹೇಳುತ್ತಾನೆ ಎಂಬ ನಂಬಿಕೆಯಿತ್ತು, ಅಷ್ಟೇ.

“ಅವಳು,” ಎಂದ ನವೀನ. ಎಷ್ಟು ಸಲೀಸಾಗಿ ಬಂತು ಮಾತು! ಬೆರಳು ಕೂಡ ತಾನಾಗಿ ಮೇಲೆದ್ದಿತು.

ಅವಳ ಮಣಿಕಟ್ಟಿನ ಮೇಲೆ ಒಂದು ಕಿತ್ತಳೆ ಹೂವು ಅರಳಿತು. ಸೋಪು ಹಾಕಿ ಉಜ್ಜಿದಳು. ಸೀಮೆಎಣ್ಣೆ ಸುರಿದಳು. ಎರಡನೆಯದು ಮೊಣಕೈ ಹತ್ತಿರ. ಹೂವಿದ್ದಲ್ಲಿ ಸೂಜಿ ಚುಚ್ಚಿದರೆ ನೋವಿಲ್ಲ, ರಕ್ತವಿಲ್ಲ. ಮುಟ್ಟಿದರೆ ಚರ್ಮವಲ್ಲ. ಬಟ್ಟೆ.

ನವೀನ ಕೆತ್ತಿಯ ಬಸ್ಸಿಗೆ ಓಡಿದ.

ಹೊಲಿಗೆ ಬಿಚ್ಚಿಸಿದ್ದು, ದನಿ ಕೇಳಿದ್ದು, ಮೈಮೇಲೆ ಹೂವು ಅರಳಿದ್ದು ಎಲ್ಲ ಕೇಳಿಯೂ ಪುಟ್ಟಲಿಂಗಮ್ಮ ಬೈಯಲಿಲ್ಲ. “ಯಾರ್ ಎಸ್ರೇಳ್ದೆ?” ಎಂದಳು.

“ಹೊಲಿಯೋ ಹುಡುಗಿದು,” ಎಂದ ಅವನು.

“ಥೂ, ನಿನ್ ಜಲ್ಮಕ್ಕೆ! ಓಗು. ಆ ಮಗೀನ ಮುಂದೆ ನಿಂತ್ಕಂಡು, ನಾನೇ ಅಂತ ಒಪ್ಕೊ. ಊವು ಮಕಕ್ ಅತ್ತೋದ್ರೊಳಗೆ.”

“ಆಮೇಲೆ... ಅದು ನನ್ನ ಮೇಲೆ ಬರುತ್ತಾ?”

“ಬತ್ತದೆ.”

ವಾಪಸ್ ಬರುವ ಬಸ್ಸಿನಲ್ಲಿ ‘ನಾನೇ, ನಾನೇ’ ಎಂದು ತುಟಿಯಲ್ಲೇ ಹೇಳಿಕೊಂಡ. ಸುಲಭವಾಗಿತ್ತು. ಯಾರೂ ಕೇಳುತ್ತಿರಲಿಲ್ಲವಲ್ಲ.

ತೇನ್ಮೊಳಿ ಮಿಷನ್ನಿನ ಮುಂದೆಯೇ ಕೂತಿದ್ದಳು. ಹೂವು ಗಂಟಲಿಗೆ ಬಂದಿತ್ತು. ಉಸಿರು ಪರಪರ ಸದ್ದು ಮಾಡುತ್ತಿತ್ತು.

“ಹೇಳಿ ಅಣ್ಣಾ,” ಎಂದಳು.

ಅವನು ಬಾಯಿ ತೆರೆದ. ತನ್ನ ಕೈ ನೋಡಿಕೊಂಡ. ಬೆಚ್ಚಗಿನ, ಜೀವಂತ ಕೈ. ಒಂದು ಉಸಿರು. ಇನ್ನೊಂದು. ಇನ್ನೂ ಒಂದು. ಅಷ್ಟೇ ತಡ ಮಾಡಿದ್ದು.

ಅವಳ ಕೆನ್ನೆಯ ಮೇಲೆ ಹೂವು ಬಿರಿಯಿತು.

“ನಾನೇ! ನಾನೇ ಕತ್ತರಿ ಹಾಕಿಸಿದ್ದು! ನನ್ನನ್ನ ತಗೋ!”

ಬಟ್ಟೆಯೊಳಗಿನ ದನಿ ಈ ಸಲ ಏನೂ ಕೇಳಲಿಲ್ಲ. ತೇನ್ಮೊಳಿ ಕುರ್ಚಿಯಿಂದ ಜಾರಿದಳು. ಮೈ ಬಿದ್ದ ಸದ್ದು ಬರಲಿಲ್ಲ. ಸೀರೆಯ ಜೊತೆ ಇನ್ನೊಂದು ಬಟ್ಟೆ, ಮಡಿಕೆ ಮಡಿಕೆಯಾಗಿ, ನೆಲದ ಮೇಲೆ ಕುಸಿದು ಬಿತ್ತು.

ನವೀನ ಅಂಗಿ ಕಿತ್ತೆಸೆದ. ಮಣಿಕಟ್ಟು ನೋಡಿದ. ತೋಳು ನೋಡಿದ. ಎದೆಯನ್ನು ಉಗುರಿನಿಂದ ಗೀರಿದ. ಕೆಂಪು ರಕ್ತ ಬಂತು, ಚುರ್ರೆಂದು ಉರಿಯಿತು. ಕಿಟಕಿಯ ಬೆಳಕಿಗೆ ಮೈಯೊಡ್ಡಿ, ಅಳುತ್ತಾ, ಮತ್ತೆ ಮತ್ತೆ ಹುಡುಕಿದ.

ಒಂದೇ ಒಂದು ಹೂವೂ ಇರಲಿಲ್ಲ.