ನ್ಯೂಸಪ್ಪನ ಕೈಗೆ ಇಸ್ಪೀಟ್ ಕಟ್ಟು

"ನನ್ನ ಮ್ಯಾಜಿಕ್ ಕಂಡುಹಿಡಿಯೋ ಕಣ್ಣು ಇನ್ನೂ ಹುಟ್ಟಿಲ್ಲ! ಹುಟ್ಟೋದೂ ಇಲ್ಲ! ತಾಕತ್ತಿದ್ರೆ ಹಿಡೀರಿ!"

ಹೀಗೆಂದು ಗುಡುಗಿ, ಡೈಲಾಗಮ್ಮ ಇಸ್ಪೀಟಿನ ಕಟ್ಟನ್ನು ಎಡಗೈಯಿಂದ ಬಲಗೈಗೆ ಸರ್ರನೆ ಹಾರಿಸಿದಳು. ಐವತ್ತೆರಡು ಎಲೆಗಳಲ್ಲಿ ನಲವತ್ತೊಂಬತ್ತು ಬಲಗೈ ಸೇರಿದವು. ಉಳಿದ ಮೂರು ಮಿಸ್ ಅವರ ಮೇಜಿನಡಿ ತೂರಿಕೊಂಡವು. ಅವನ್ನು ಹೆಕ್ಕಿಕೊಂಡು ಬಂದು, ಏನೂ ಆಗೇ ಇಲ್ಲವೆಂಬಂತೆ ಕೂದಲನ್ನು ಹಿಂದಕ್ಕೆ ಎಸೆದಳು.

"ಹುಟ್ಟಿ ಹತ್ತು ವರ್ಷ ಆಯ್ತು!" ಎರಡನೇ ಬೆಂಚಿನಿಂದ ಒಂದು ಧ್ವನಿ ಬಂತು. "ಇಲ್ಲೇ ಕೂತಿದೀನಿ, ನೋಡು!"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

ಧ್ವನಿ ನ್ಯೂಸಪ್ಪನದು. ಯಾರು ಹೋಮ್‌ವರ್ಕ್ ಕಾಪಿ ಹೊಡೆದರು, ಯಾರ ಪ್ಯಾಂಟು ಎಲ್ಲಿ ಹರಿದಿದೆ, ಹೆಡ್‌ಮಾಸ್ಟರ್ ಯಾರಿಗೆ ಬೈದರು, ಯಾವುದೂ ಅವನ ಹೊಟ್ಟೆಯಲ್ಲಿ ಎರಡು ನಿಮಿಷ ನಿಲ್ಲುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಡೈಲಾಗಮ್ಮನಿಗೆ ಅವಳ ಹೆಸರು ಯಾಕೆ ಬಂತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವಳು ಒಂದು ಲೋಟ ನೀರು ಕೇಳಿದರೂ ಹಿಂದಿನಿಂದ ಡೋಲು ಬಡಿದ ಹಾಗೆ ಕೇಳಿಸುತ್ತಿತ್ತು.

ಶನಿವಾರದ ಕೊನೇ ಪೀರಿಯಡ್ಡಿನಲ್ಲಿ ಮಿಸ್ ಒಬ್ಬೊಬ್ಬರಿಗೆ ಐದು ನಿಮಿಷ ಕೊಡುತ್ತಿದ್ದರು. ಹಾಡಬಹುದು, ಕುಣಿಯಬಹುದು, ಕತ್ತೆಯ ಹಾಗೆ ಕೂಗಬಹುದು. ಇವತ್ತು ಡೈಲಾಗಮ್ಮನ ಸರದಿ. ಸಲೂನ್ ಇಟ್ಟಿರುವ ಮಾವನ ಹತ್ತಿರ ಎರಡು ತಿಂಗಳು ಕೂತು ಕಲಿತ ಮ್ಯಾಜಿಕ್ಕು, ಮಾವನದೇ ಇಸ್ಪೀಟ್ ಕಟ್ಟು.

ಅವಳು ಮುಂದಿನ ಬೆಂಚಿನ ಗೆಳತಿ ಜಡೆಯನ್ನು ಕರೆದಳು. ಎರಡು ಉದ್ದನೆಯ ಜಡೆ ಇದ್ದದ್ದರಿಂದ ಎಲ್ಲರೂ ಅವಳನ್ನು ಜಡೆ ಎಂದೇ ಕರೆಯುತ್ತಿದ್ದರು.

"ಒಂದು ಎಲೆ ತಗೋ. ನಂಗೆ ತೋರಿಸ್ಬೇಡ."

"ಎಲ್ಲಾ ಕಾರ್ಡೂ ಒಂದೇ ಇರುತ್ತೆ ಕಣ್ರೋ!" ನ್ಯೂಸಪ್ಪ ಕೂಗಿದ.

"ಬಾಯಿ ಮುಚ್ಚೋ!"

"ತೋಳಲ್ಲಿ ಇನ್ನೊಂದು ಬಚ್ಚಿಟ್ಟಿದಾಳೆ! ತೋಳು ತೋರ್ಸು!"

"ತಾಕತ್ತಿದ್ರೆ ಬಂದು ನೋಡೋ!"

ಹೇಳಿದ್ದೇ ತಡ, ಅವನು ಬೆಂಚು ಹತ್ತಿ ಹಾರಿ ಬಂದ. ಕಟ್ಟಿಗೆ ಕೈ ಹಾಕಿದ. ಅವಳು ಈ ಕಡೆ ಎಳೆದಳು, ಅವನು ಆ ಕಡೆ ಎಳೆದ. ಎಲೆಗಳು ಕ್ಲಾಸಿನ ತುಂಬ ಹಾರಿದವು. ಕಳಾವರ್ ಒಂಬತ್ತು ಮಾತ್ರ ಪರ್ರೆಂದು ಹರಿದು, ಅರ್ಧ ಅವಳ ಕೈಯಲ್ಲಿ, ಅರ್ಧ ಅವನ ಕೈಯಲ್ಲಿ ಉಳಿಯಿತು.

ಮಿಸ್ ಎದ್ದು ನಿಂತರು.

"ಇದೇನು ಮ್ಯಾಜಿಕ್ಕೋ, ಕುಸ್ತಿಯೋ? ಮುಂದಿನ ಶನಿವಾರ ಇನ್ನೊಂದೇ ಒಂದು ಚಾನ್ಸ್ ಕೊಡ್ತೀನಿ. ಆವತ್ತೂ ಜಗಳ ಆದ್ರೆ, ಇಸ್ಪೀಟು ಮತ್ತೆ ಈ ಸ್ಕೂಲಿನ ಗೇಟ್ ಒಳಗೆ ಬರಕೂಡದು. ಅರ್ಥ ಆಯ್ತಾ?"

ಆಯಿತು. ಡೈಲಾಗಮ್ಮನಿಗೆ ಕಣ್ಣು ಉರಿಯುವಷ್ಟು ಅರ್ಥವಾಯಿತು.

ಆ ಸಂಜೆ ಅವಳು ಬ್ಯಾಗ್ ಸಮೇತ ಸೀದಾ ಸಲೂನಿಗೆ ನುಗ್ಗಿದಳು. ಕುರ್ಚಿಯಲ್ಲಿ ಪೋಸ್ಟ್‌ಮನ್ ಅಂಕಲ್ ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು, ಮುಖದ ತುಂಬ ನೊರೆ ಮೆತ್ತಿಸಿಕೊಂಡು ಕೂತಿದ್ದರು. ಬಲು ಸಾಧು ಮನುಷ್ಯ. ಅವರು ಮಾತಾಡುತ್ತಿದ್ದುದೇ ಎರಡು ಮಾತು. ಬಂದಾಗ "ಸಣ್ಣಗೆ ಮಾಡು", ಹೋಗುವಾಗ "ಬರ್ತೀನಪ್ಪ".

ಡೈಲಾಗಮ್ಮ ಹರಿದ ಎಲೆಯನ್ನು ಕನ್ನಡಿಯ ಮುಂದೆ ಇಟ್ಟಳು.

"ಮಾವಾ, ನಂಗೊಂದು ಅಸ್ತ್ರ ಕೊಡು. ನ್ಯೂಸಪ್ಪ ಬಾಯಿ ತೆಗೆದ್ರೆ ಎಲ್ರ ಮುಂದೆ ಅವನ ಮಾನ ಹರಾಜಾಗ್ಬೇಕು. ಅಂಥದ್ದೊಂದು ಡೈಲಾಗ್ ಹೇಳಿಕೊಡು."

ಮಾವ ಎರಡು ಚೂರುಗಳನ್ನೂ ಜೋಡಿಸಿ ನೋಡಿದ. ಅವನ ಮುಖ ಸ್ವಲ್ಪ ಸಣ್ಣಗಾಯಿತು. ಆ ಕಟ್ಟು ಅವನು ಮೊದಲ ಸಂಬಳದಲ್ಲಿ ಕೊಂಡದ್ದು.

"ಅವನು ಎಳೆದಾಗ ನೀನೇನು ಮಾಡ್ದೆ ಪುಟ್ಟಿ?"

"ನಾನೂ ಎಳೆದೆ. ಬಿಡ್ತೀನಾ?"

"ಒಬ್ಬರೇ ಎಳೆದಿದ್ರೆ ಇದು ಹರೀತಿರಲಿಲ್ಲ ಬಿಡು." ಮಾವ ಚೂರುಗಳನ್ನು ಡ್ರಾಯರಿಗೆ ಹಾಕಿದ. "ಇರಲಿ. ಮೊದಲು ನೀನು ಹೇಗೆ ಶುರು ಮಾಡ್ದೆ, ಮಾಡಿ ತೋರ್ಸು. ಅಂಕಲ್‌ಗೇ ತೋರ್ಸು."

ಅವಳು ಕಾಲು ಅಗಲಿಸಿ ನಿಂತಳು. ಮೂಗಿನ ಹೊಳ್ಳೆ ಅರಳಿಸಿದಳು.

"ನನ್ನ ಮ್ಯಾಜಿಕ್ ಕಂಡುಹಿಡಿಯೋ ಕಣ್ಣು ಇನ್ನೂ ಹುಟ್ಟಿಲ್ಲ! ತಾಕತ್ತಿದ್ರೆ ಹಿಡೀರಿ!"

ಕನ್ನಡಿಯಲ್ಲಿ ಪೋಸ್ಟ್‌ಮನ್ ಅಂಕಲ್ ಹುಬ್ಬು ಮೇಲೇರಿತು. ಅವಳು ಎಲೆಗಳನ್ನು ಹರಡುತ್ತಿದ್ದ ಹಾಗೇ ಬಿಳಿ ಬಟ್ಟೆಯ ಅಡಿಯಿಂದ ಒಂದು ಕೈ ಹಾವಿನಂತೆ ಹೊರಬಂದು ಕಟ್ಟನ್ನು ಕಬಕ್ಕನೆ ಹಿಡಿಯಿತು.

"ತಡಿ ತಡಿ! ಆ ಇನ್ನೊಂದು ಕೈ ತೋರ್ಸು! ನಂಗೆ ಗೊತ್ತು, ನಂಗೆ ಗೊತ್ತು!"

ಗಲ್ಲದ ಮೇಲಿನ ನೊರೆ ಪೊತ್ತೆಂದು ಡೈಮಂಡ್ ರಾಣಿಯ ಮುಖಕ್ಕೆ ಬಿತ್ತು.

ಅಂಕಲ್ ತಮ್ಮ ಕೈಯನ್ನು ತಾವೇ ನೋಡಿಕೊಂಡರು, ಅದು ಬೇರೆ ಯಾರದೋ ಎಂಬ ಹಾಗೆ.

"ಅಯ್ಯೋ, ಸಾರಿ ಕಣಮ್ಮಾ. ನೀನು ತಾಕತ್ತು ಅಂದ್ಯಲ್ಲ... ಅದೇನಾಯ್ತೋ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಒಣ ಟವೆಲ್ಲಿನಿಂದ ರಾಣಿಯ ಮುಖವನ್ನು ಮೆಲ್ಲಗೆ ಒತ್ತಿ ಒರೆಸಿದ.

"ಇವ್ರು ಹನ್ನೊಂದು ವರ್ಷದಿಂದ ಬರ್ತಿದಾರೆ ಪುಟ್ಟಿ. ಒಂದು ದಿನ ನನ್ನ ಕೈಗೆ ಅಡ್ಡ ಬಂದವ್ರಲ್ಲ. ಈಗ ಹೇಳು, ಇವ್ರ ಕತ್ತಿಗೆ ಬ್ಲೇಡ್ ಹಿಡ್ಕೊಂಡು ನಾನು 'ತಾಕತ್ತಿದ್ರೆ ಅಲ್ಲಾಡಿ ನೋಡೋಣ' ಅಂದ್ರೆ ಏನಾಗುತ್ತೆ?"

"ರಕ್ತಪಾತ! ಅದೂ ಇಂಟರ್ವಲ್‌ಗೆ ಮುಂಚೆನೇ!"

"ಹೂಂ," ಎಂದ ಮಾವ. ಪೋಸ್ಟ್‌ಮನ್ ಅಂಕಲ್ ಮಾತ್ರ ತಮ್ಮ ಕತ್ತನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಅವರಾದ ಮೇಲೆ ಒಂದು ಪುಟಾಣಿ ಹುಡುಗ ಅಪ್ಪನ ಹೆಗಲಿನ ಮೇಲೆ ಅಳುತ್ತ ಬಂದ. ಕತ್ತರಿ ಕಂಡರೆ ಸಾಕು, ಮೀನಿನ ಹಾಗೆ ಒದ್ದಾಡುತ್ತಿದ್ದ. ಮಾವ ಅವನಿಗೆ ಗದರಲೂ ಇಲ್ಲ, ತಲೆ ಹಿಡಿಯಲೂ ಇಲ್ಲ. ನೀರು ಚಿಮುಕಿಸುವ ಬಾಟಲಿಯನ್ನು ಅವನ ಕೈಗಿಟ್ಟ.

"ಸಾರ್, ನಂಗೆ ಕೈ ಸಾಲ್ತಾ ಇಲ್ಲ. ನಾನು 'ಈಗ' ಅಂದಾಗ ನೀವು ಒಂದು ಸಲ ಒತ್ಬೇಕು. ಆಗುತ್ತಾ?"

ಆ ಸಾರ್ ಅಳು ನಿಲ್ಲಿಸಿದ. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, 'ಈಗ' ಎಂಬ ಮಾತಿಗಾಗಿ ಕಾಯುತ್ತ ಕಲ್ಲಿನಂತೆ ಕೂತ. ಕಟಿಂಗ್ ಮುಗಿದದ್ದು ಅವನಿಗೇ ಗೊತ್ತಾಗಲಿಲ್ಲ.

ಡೈಲಾಗಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ನ್ಯೂಸಪ್ಪನ ಕೈಗೆ ಕಟ್ಟು ಕೊಡುವುದೇ? ಅವನು ಉಲ್ಟಾ ಹೊಡೆದರೆ ಕಥೆ ಮುಗಿಯಿತು. ಟೈಟಲ್ ಕಾರ್ಡಿನಲ್ಲೇ ಸಿನಿಮಾ ಖಲಾಸ್.

ಆ ವಾರವಿಡೀ ಅವಳು ಬೀರುವಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. ಕನ್ನಡಿ ಒಂದು ದಿನವೂ ತಪ್ಪು ಹೇಳಲಿಲ್ಲ.

"ಮದುವೆ ಹೆಣ್ಣೂ ಇಷ್ಟು ಹೊತ್ತು ಕನ್ನಡಿ ಮುಂದೆ ನಿಲ್ಲಲ್ಲ," ಎಂದಳು ಅಮ್ಮ.

ಶನಿವಾರ ಬಂದೇಬಿಟ್ಟಿತು. ನ್ಯೂಸಪ್ಪ ಬೆಳಗ್ಗೆಯಿಂದಲೇ ಪ್ರಚಾರ ಮಾಡಿದ್ದ. "ಇವತ್ತು ಲೈವ್ ಆಗಿ ಹಿಡೀತೀನಿ! ಯಾರೂ ಮಿಸ್ ಮಾಡ್ಕೋಬೇಡಿ!" ಚೆನ್ನಾಗಿ ಕಾಣಲೆಂದು ಜಗಳವಾಡಿ ಮೊದಲ ಬೆಂಚಿಗೇ ಬಂದು ಕೂತಿದ್ದ.

ಡೈಲಾಗಮ್ಮ ಎದುರು ಬಂದು ನಿಂತಳು. 'ನನ್ನ ಮ್ಯಾಜಿಕ್ ಕಂಡುಹಿಡಿಯೋ' ಎಂಬಷ್ಟು ಗಂಟಲಿನವರೆಗೂ ಬಂತು. ಅದನ್ನು ಕಹಿ ಔಷಧಿಯ ಹಾಗೆ ಗುಟುಕ್ಕನೆ ನುಂಗಿದಳು.

"ನಂಗೊಂದು ಹೆಲ್ಪ್ ಬೇಕಿತ್ತು," ಎಂದಳು. "ನೀನು ಬರ್ತೀಯಾ?"

ನ್ಯೂಸಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಎದ್ದಿರಲಿಲ್ಲ.

"ನಾನಾ?"

"ಹೂಂ, ನೀನೇ. ಕಟ್ಟು ನಿನ್ನ ಹತ್ರನೇ ಇರ್ಲಿ. ಎಲ್ಲಾ ಸರಿಯಾಗಿದ್ಯಾ ಅಂತ ನೀನೇ ಚೆಕ್ ಮಾಡಿ ಹೇಳು."

ಅವನು ಅನುಮಾನದಿಂದಲೇ ಎದ್ದು ಬಂದ. ಕಟ್ಟು ಹಿಡಿಯುವ ಮುಂಚೆ ಎರಡೂ ಕೈಯನ್ನು ಶರ್ಟಿಗೆ ಒರೆಸಿಕೊಂಡ. ಒಂದೊಂದೇ ಎಲೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ. ಒಂದು ಎಲೆ ಕೆಳಗೆ ಬಿತ್ತು. ಡೈಲಾಗಮ್ಮನ ಕೈ ಮುಂದೆ ಚಾಚಿತು. ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವನೇ ಬಗ್ಗಿ ಹೆಕ್ಕಿ, ಊದಿ, ಜಾಗಕ್ಕೆ ಸೇರಿಸಿದ.

"ಐವತ್ತೊಂದಿದೆ. ಎಲ್ಲಾ ಬೇರೆ ಬೇರೆ," ಎಂದು ಕ್ಲಾಸಿಗೆ ವರದಿ ಒಪ್ಪಿಸಿದ. ಆಮೇಲೆ ದನಿ ತಗ್ಗಿಸಿ, "ಒಂದು... ಹೋದ ವಾರ ಹರೀತಲ್ಲ," ಎಂದ.

ಅವನೇ ಎಲೆಗಳನ್ನು ಕಲೆಸಿ, ಹರಡಿ ಹಿಡಿದ. ಜಡೆ ಬಂದು ಒಂದು ಎಲೆ ತೆಗೆದು, ಇಬ್ಬರಿಗೂ ಬೆನ್ನು ಹಾಕಿ ಕ್ಲಾಸಿಗೆ ಮಾತ್ರ ತೋರಿಸಿದಳು. ಡೈಲಾಗಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಕಟ್ಟನ್ನು ನ್ಯೂಸಪ್ಪನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಇಡುವಾಗ, ಕಣ್ಣು ಮಿಟುಕಿಸುವಷ್ಟರಲ್ಲಿ, ತಳದ ಎಲೆಯನ್ನು ಕದ್ದು ನೋಡಿದಳು. ಇಸ್ಪೀಟ್ ಗುಲಾಮ.

ಗುಟ್ಟೆಲ್ಲ ಇದರಲ್ಲೇ ಇತ್ತು. ಜಡೆ ತನ್ನ ಎಲೆಯನ್ನು ಕಟ್ಟಿನ ಮೇಲೆ ಇಡುತ್ತಾಳೆ. ನ್ಯೂಸಪ್ಪ ಕಟ್ಟನ್ನು ಎರಡು ಭಾಗ ಮಾಡಿ ಕೆಳಗಿನದನ್ನು ಮೇಲೆ ಇಡುತ್ತಾನೆ. ಆಗ ಗುಲಾಮನ ಬೆನ್ನಿಗೇ ಜಡೆಯ ಎಲೆ ಬಂದು ಕೂರುತ್ತದೆ. ಗುಲಾಮ ಕಂಡರೆ ಸಾಕು, ಅದರ ಮುಂದಿನದೇ ಜಡೆಯದು.

ಹಾಗೇ ಆಯಿತು. ಡೈಲಾಗಮ್ಮ ಒಂದೊಂದೇ ಎಲೆಯನ್ನು ಮುಖ ಮೇಲಾಗಿ ಮೇಜಿನ ಮೇಲೆ ಸಾಲಾಗಿ ಹಾಕುತ್ತ ಹೋದಳು. ಎಂಟು. ರಾಜ. ಎರಡು. ಇಸ್ಪೀಟ್ ಗುಲಾಮ. ಆಟೀನ್ ಮೂರು. ಮಾವ ಹೇಳಿಕೊಟ್ಟಂತೆ ಅಲ್ಲಿಗೇ ನಿಲ್ಲಿಸದೆ, ಗೊತ್ತೇ ಇಲ್ಲದವಳ ಹಾಗೆ ಇನ್ನೂ ನಾಲ್ಕು ಎಲೆ ಹಾಕಿದಳು.

ಜಡೆಯ ಮುಖ ಬಾಡಿತು. ಹಿಂದಿನ ಬೆಂಚು ಕುಣಿಯಿತು.

"ಹೋಯ್ತು! ಹೋಯ್ತು! ದಾಟಿ ಹೋಯ್ತು!"

"ಮ್ಯಾಜಿಕ್ ಠುಸ್!"

ನ್ಯೂಸಪ್ಪ ಅವಳ ಪಕ್ಕದಲ್ಲೇ ಇದ್ದ. ಅವನ ಕಣ್ಣು ಗುಲಾಮನ ಮೇಲೆ ಹೋಯಿತು. ಅಲ್ಲಿಂದ ಆಟೀನ್ ಮೂರರ ಮೇಲೆ. ಅಲ್ಲಿಂದ ಅವಳ ಮುಖದ ಮೇಲೆ. ಮೆಲ್ಲಗೆ ಅವನ ಬಾಯಿ ತೆರೆಯಿತು.

ಗೊತ್ತಾಗಿಬಿಟ್ಟಿದೆ! ಡೈಲಾಗಮ್ಮ ಮೇಜಿನಾಚೆ ಕಣ್ಣು ಹಾಯಿಸಿದಳು. ಮಿಸ್ ಪೆನ್ನು ಕೆಳಗಿಟ್ಟು ನೋಡುತ್ತಿದ್ದರು. ಇನ್ನೊಂದು ಉಸಿರಿನಲ್ಲಿ ಸುದ್ದಿ ಹೊರಬೀಳುತ್ತದೆ. ಆಮೇಲೆ ಕೂಗಾಟ, ಜಗಳ, ಗೇಟು.

"ಏಯ್, ಸುಮ್ನಿರ್ರೋ!" ನ್ಯೂಸಪ್ಪ ಹಿಂದಿನ ಬೆಂಚಿನ ಕಡೆ ತಿರುಗಿ ಗದರಿದ. "ಇನ್ನೂ ಮುಗಿದೇ ಇಲ್ಲ. ಆಟದ ಮಧ್ಯೆ ಏನ್ರೋ ನಿಮ್ದು ಗಲಾಟೆ?"

ಡೈಲಾಗಮ್ಮ ಅವನನ್ನೇ ನೋಡಿದಳು. ಮುಂದೆ ಮಾಡಿದ್ದನ್ನು ಮಾವ ಹೇಳಿಕೊಟ್ಟಿರಲಿಲ್ಲ. ಕನ್ನಡಿಯ ಮುಂದೆ ಒಂದು ಸಲವೂ ಮಾಡಿರಲಿಲ್ಲ.

"ಜಡೆದು ಯಾವ ಎಲೆ ಅಂತ ಎತ್ತಿ ತೋರಿಸೋದು ನಾನಲ್ಲ," ಎಂದಳು. "ಇವನು."

ಹಿಂದಿನ ಬೆಂಚು ಕತ್ತು ಉದ್ದ ಮಾಡಿತು.

ನ್ಯೂಸಪ್ಪನ ಕಿವಿ ಕೆಂಪಾಯಿತು. ಎಲೆಗಳ ಸಾಲಿನ ಮೇಲೆ ಅಂಗೈಯನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಆಡಿಸಿದ. ಇಷ್ಟು ಎಳೆಯಬೇಕೇ? ಎಳೆದ. ಕಣ್ಣು ಬೇರೆ ಮುಚ್ಚಿಕೊಂಡ. ಕೊನೆಗೆ ಎರಡು ಬೆರಳಿನಲ್ಲಿ ಒಂದು ಎಲೆಯನ್ನು ಹಿಡಿದು ಮೇಲೆತ್ತಿದ.

ಆಟೀನ್ ಮೂರು.

"ಅದೇ! ಅದೇ ನಂದು!" ಜಡೆ ಕಿರುಚಿದಳು. ಅವಳ ಎರಡೂ ಜಡೆ ಹಾರಿ ಹಾರಿ ಬಿದ್ದವು.

ಕ್ಲಾಸು ಬೆಂಚು ಬಡಿಯಿತು. ಹಿಂದಿನವರೆಲ್ಲ ನ್ಯೂಸಪ್ಪನ ಮೇಲೆ ಮುಗಿಬಿದ್ದರು. "ಹೇಗೋ? ಹೇಗೆ ಗೊತ್ತಾಯ್ತೋ? ಹೇಳೋ, ಹೇಳೋ!"

ಅವನ ಕೆನ್ನೆ ಎರಡೂ ಉಬ್ಬಿದವು. ಬಾಯೊಳಗೆ ಏನೋ ಒದ್ದಾಡುತ್ತಿತ್ತು. ಪಾಪ, ಅವನ ಕಷ್ಟ ನೋಡಲಾಗುತ್ತಿರಲಿಲ್ಲ.

"ಮ್ಯಾಜಿಕ್ ಕಣ್ರೋ," ಎಂದ ಕೊನೆಗೆ. "ಮ್ಯಾಜಿಕ್ ಅಂದ್ರೆ ಮ್ಯಾಜಿಕ್."

"ಮುಂದಿನ ತಿಂಗಳೂ ಮಾಡ್ರಿ, ಇಬ್ರೂ," ಎಂದರು ಮಿಸ್.

ಬೆಲ್ ಹೊಡೆಯಿತು. ಎಲ್ಲರೂ ಓಡಿದರು. ಡೈಲಾಗಮ್ಮ ವರಾಂಡದ ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದಾಗ ನ್ಯೂಸಪ್ಪ ಬಂದು ಒಂದು ಮೆಟ್ಟಿಲು ಕೆಳಗೆ ನಿಂತ. ಅತ್ತ ಇತ್ತ ನೋಡಿದ.

"ತಳದ ಕಾರ್ಡ್ ನೋಡ್ಕೋತೀಯ ಅಲ್ವಾ?"

"...ಹೂಂ. ಯಾರಿಗೆ ಹೇಳ್ದೆ?"

"ಯಾರಿಗೂ ಇಲ್ಲ." ಅವನು ಹೊಟ್ಟೆ ಸವರಿಕೊಂಡ. "ಕಷ್ಟ ಆಗ್ತಿದೆ. ಆದ್ರೂ ಇಲ್ಲ." ಆಮೇಲೆ ತಲೆ ಕೆರೆದುಕೊಂಡು ಹೇಳಿದ, "ನೋಡು, ಗುಲಾಮ ಬಂತಲ್ಲ, ಆಗ ನಿನ್ನ ಕೈ ಒಂಚೂರು ನಿಲ್ಲುತ್ತೆ. ಅದಕ್ಕೇ ಸಿಕ್ಕಿಬಿದ್ದೆ."

"ನಿಲ್ಲಲ್ಲ! ಒಂದು ವಾರ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿದೀನಿ!"

"ನಿಲ್ಲುತ್ತೆ. ಹೋದ ವಾರ ಜಡೆನ ಕರೆಯೋ ಮುಂಚೆ ಕಿವಿ ಮುಟ್ಕೊಂಡೆ. ಇವತ್ತು ಮುಟ್ಟಿಲ್ಲ. ಹೋದ ವಾರ ಎಡಗೈಲಿ ಹಿಡಿದಿದ್ದೆ. ಇವತ್ತು ಬಲಗೈ."

ಲೇಸು ಕಟ್ಟುತ್ತಿದ್ದ ಅವಳ ಬೆರಳು ಹಾಗೇ ನಿಂತವು. ಕಿವಿ ಮುಟ್ಟಿಕೊಂಡದ್ದು ಅವಳಿಗೇ ಗೊತ್ತಿರಲಿಲ್ಲ. ಜಡೆ ಎರಡೂ ಸಲ ಚಪ್ಪಾಳೆಗೆ ಸಿದ್ಧಳಾಗಿ ಕೂತಿದ್ದಳು. ಹಿಂದಿನ ಬೆಂಚು ಗಲಾಟೆಗೆ ಸಿದ್ಧವಾಗಿ ಕೂತಿತ್ತು. ಇವನೊಬ್ಬ ಮಾತ್ರ ಎರಡು ಶನಿವಾರವೂ ಅವಳ ಕೈಯ ಮೇಲಿನಿಂದ ಕಣ್ಣು ಕಿತ್ತಿರಲಿಲ್ಲ.

ಅವಳು ಬ್ಯಾಗಿನಿಂದ ಕಟ್ಟು ತೆಗೆದಳು. ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿದಳು. ಎಲೆಗಳನ್ನು ಒಂದೊಂದಾಗಿ ಹಾಕಿದಳು.

"ಈಗ ನಿಲ್ತಾ?"

"ನಿಲ್ತು."

ಎಲ್ಲವನ್ನೂ ಕೂಡಿಸಿ ಮತ್ತೆ ಹಾಕಿದಳು.

"ಈಗ?"

"ಒಂಚೂರು."

ಮತ್ತೆ ಹಾಕಿದಳು. ನ್ಯೂಸಪ್ಪ ಬಗ್ಗಿ, ಅವನ ಉಸಿರಿಗೆ ಎಲೆ ಅಲುಗುವಷ್ಟು ಹತ್ತಿರ ಮುಖ ತಂದು ನೋಡಿದ.

"ಕಾಣಿಸ್ಲಿಲ್ಲ," ಎಂದ. "ಇನ್ನೊಂದ್ಸಲ ಹಾಕು."